ಡ್ರಮ್ ಸ್ಯಾಂಡರ್‌ಗೆ ಕೊಟ್ಟ ತೇಗದ ಹಲಗೆಯ ಉದ್ದಕ್ಕೂ ಸುಟ್ಟ ಕಪ್ಪು ಗೆರೆ ಬೀಳುವುದೇಕೆ?

ಡ್ರಮ್ ಸ್ಯಾಂಡರ್ ಎಂದರೆ ಉಪ್ಪುಕಾಗದ ಸುತ್ತಿದ ಉರುಳೆ (ಡ್ರಮ್) ತಿರುಗುತ್ತ, ಬೆಲ್ಟ್ ಮೇಲೆ ಸಾಗುವ ಹಲಗೆಯನ್ನು ಉಜ್ಜುವ ಯಂತ್ರ. ಆ ಕಾಗದ ಒಂದು ಕಡೆ ಪುಡಿಯಿಂದ ಕಟ್ಟಿಕೊಂಡಿದೆ. ಒಂದೇ ಸಲಕ್ಕೆ ಹೆಚ್ಚು ತೆಗೆಯಲು ಹೋದರೆ ಹೀಗಾಗುತ್ತದೆ.

ಕಾಗದದ ಒಂದೊಂದು ಹರಳೂ ಪುಟ್ಟ ಉಳಿಯಂತೆ ಮರವನ್ನು ಕೊರೆಯುತ್ತದೆ. ಆ ಪುಡಿ ಹರಳುಗಳ ನಡುವಿನ ಸಂದಿನಲ್ಲಿ ಕೂತು ಹೊರಬರಬೇಕು. ಸಂದು ತುಂಬಿದರೆ ಹರಳು ಕೊರೆಯುವುದಿಲ್ಲ, ಬರೀ ತಿಕ್ಕುತ್ತದೆ, ಶಾಖ ಏರುತ್ತದೆ. ತೇಗದಲ್ಲಿ ಎಣ್ಣೆಯಂಶವಿರುವುದರಿಂದ ಪುಡಿ ಮೆತ್ತಗಾಗಿ ಅಂಟಿ, ಗಟ್ಟಿ ಹೊಳೆಯುವ ಮಚ್ಚೆಯಾಗುತ್ತದೆ. ಡ್ರಮ್ ತಿರುಗಿದಾಗಲೆಲ್ಲ ಆ ಮಚ್ಚೆ ಹಲಗೆಯ ಅದೇ ಜಾಗಕ್ಕೆ ಬರುವುದರಿಂದ ಕಲೆ ಉದ್ದನೆಯ ಗೆರೆಯಾಗುತ್ತದೆ. ಪ್ಲಗ್ ತೆಗೆದು ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ ನೋಡಿ, ಗೆರೆಯ ನೇರಕ್ಕೆ ಮಚ್ಚೆ ಸಿಗುತ್ತದೆ.

80 ನಂಬರಿನ ಕಾಗದದಲ್ಲಿ (ನಂಬರು ಹೆಚ್ಚಿದಷ್ಟೂ ಹರಳು ನುಣ್ಣಗೆ) ಒಂದು ಸಲಕ್ಕೆ ಕಾಲು ಮಿ.ಮೀ. ತೆಗೆದರೆ ಸಾಕು, 120 ಮತ್ತು ಅದಕ್ಕಿಂತ ನುಣುಪಾದ ಕಾಗದದಲ್ಲಿ ಅದರ ಅರ್ಧ. ದಪ್ಪ ಇಳಿಸುವ ಕೆಲಸ ಪ್ಲೇನರ್‌ನದು, ಅದನ್ನು ಇದರಿಂದ ಮಾಡಿಸಬೇಡಿ. ಅಗಲದಲ್ಲಿ ಜಾಗವಿದ್ದರೆ ಹಲಗೆಯನ್ನು ಸ್ವಲ್ಪ ಓರೆಯಾಗಿ ಕೊಡಿ. ಮಚ್ಚೆ ಒಂದೇ ಗೆರೆಯಲ್ಲಿ ಉಜ್ಜುವುದು ತಪ್ಪುತ್ತದೆ. ನಡುವೆ ಬೆಲ್ಟ್ ನಿಲ್ಲಿಸಿದರೆ ಅಲ್ಲೇ ಗುಳಿ ಬೀಳುತ್ತದೆ.

ಡ್ರಮ್ ಸ್ಯಾಂಡರ್ ಕೊಳ್ಳುವುದಾದರೆ ಧೂಳು ಎಳೆಯುವ ಯಂತ್ರಕ್ಕೂ ಸೇರಿಸಿಯೇ ಹಣ ಎತ್ತಿಡಿ. ಅದಿಲ್ಲದೆ ಸಂದು ಖಾಲಿಯಾಗದು, ನಿಮ್ಮ ಎದೆಗೂ ಒಳ್ಳೆಯದಲ್ಲ. ಒಂದು ಬದಿ ತೆರೆದಿರುವ 16 ಇಂಚಿನ ಯಂತ್ರದಲ್ಲಿ ಹಲಗೆ ತಿರುಗಿಸಿ ಎರಡು ಸಲ ಕೊಟ್ಟರೆ ಸುಮಾರು 32 ಇಂಚು ಅಗಲದ ಮೇಜಿನ ಹಲಗೆಯೂ ಆಗುತ್ತದೆ. ಆದರೆ ಡ್ರಮ್ ಮತ್ತು ಬೆಲ್ಟ್ ಸಮಾನಾಂತರ ಇಲ್ಲದಿದ್ದರೆ ನಡುವೆ ಏಣು ಉಳಿಯುತ್ತದೆ.