ಕಾಲು ಎಟಕಿದ್ರೆ ಸಾಕಾ? ಓದುಗರ ಪ್ರಶ್ನೆ, ಗಾಡಿ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ತುಮಕೂರು ಜಿಲ್ಲೆಯವು. ದೊಡ್ಡ ಗಾಡಿ ಬೇಕು, ಆದರೆ ಎತ್ತರ ಕಡಿಮೆ ಅಥವಾ ಅನುಭವ ಕಡಿಮೆ. ಕೆಲವರಿಗೆ ಎರಡೂ.

ಪ್ರಶ್ನೆ: ನಾನು ತುಮಕೂರಿನ ಬಟವಾಡಿಯವಳು, ಶಾಲಾ ಶಿಕ್ಷಕಿ. ಎತ್ತರ 5 ಅಡಿ 1 ಇಂಚು. ಐದಾರು ವರ್ಷದಿಂದ ಸ್ಕೂಟರ್ ಓಡಿಸುತ್ತಿದ್ದೇನೆ. 350 ಸಿಸಿ ಬೈಕ್ ತಗೊಳ್ಳುವ ಆಸೆ. ಶೋರೂಮಿನಲ್ಲಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಮೇಲೆ ಕೂತರೆ ಬೆರಳ ತುದಿ ಮಾತ್ರ ನೆಲಕ್ಕೆ ತಾಗಿತು. ‘ನಿನ್ನ ಎತ್ತರಕ್ಕೆ ಅದೆಲ್ಲ ಆಗಲ್ಲ, ಸುಮ್ನಿರು’ ಅಂತಾನೆ ಅಣ್ಣ. ಯಾವ ಗಾಡಿ ನೋಡಲಿ?

ಉತ್ತರ: ಅಣ್ಣ ಎತ್ತರ ನೋಡಿ ಹೇಳಿದ್ದಾರೆ, ಗಾಡಿಗೆ ಬೇಕಾಗಿರುವುದು ಕಾಲಿನ ಉದ್ದ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಮುಂಡ ಉದ್ದ ಇರುತ್ತೆ. ಮನೆಯಲ್ಲಿ ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತುಕೊಳ್ಳಿ. ದಪ್ಪ ನೋಟ್‌ಬುಕ್ ಒಂದನ್ನು ಕಾಲುಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಯಾರ ಕೈಲಾದರೂ ಟೇಪಿನಲ್ಲಿ ಅಳೆಸಿ. ನಿಮಗೆ 70 ಸೆಂ.ಮೀ. ಆಸುಪಾಸು ಬರಬಹುದು. ಶೂ ಹಾಕಿದರೆ ಎರಡು-ಮೂರು ಸೆಂ.ಮೀ. ಜಾಸ್ತಿ. ಈ ಅಳತೆ ಬರೆದಿಟ್ಟುಕೊಂಡು ಶೋರೂಮಿಗೆ ಹೋಗಿ.

ಈಗ ಒಂದು ಲೆಕ್ಕ ನೋಡಿ. ಊರೆಲ್ಲ ಓಡಿಸುವ ಸ್ಪ್ಲೆಂಡರ್‌ನ ಸೀಟು ನೆಲದಿಂದ 785 ಮಿ.ಮೀ. ಕ್ಲಾಸಿಕ್‌ನದು 805. ವ್ಯತ್ಯಾಸ ಬರೀ 2 ಸೆಂ.ಮೀ.! ಹಾಗಿದ್ದರೆ ಸ್ಪ್ಲೆಂಡರ್ ಸಲೀಸು, ಕ್ಲಾಸಿಕ್ ಕಷ್ಟ ಅನ್ನಿಸುವುದು ಯಾಕೆ? ಒಂದು, ಕ್ಲಾಸಿಕ್‌ನ ಸೀಟು ಅಗಲ. ತೊಡೆ ಅಗಲಿಸಿ ಕೂರಬೇಕಾದಾಗ ಕಾಲಿನ ಉದ್ದ ಅಲ್ಲೇ ಕಳೆದುಹೋಗುತ್ತೆ. ಎರಡನೆಯದು ತೂಕ. ಸ್ಪ್ಲೆಂಡರ್ 112 ಕೆ.ಜಿ., ಕ್ಲಾಸಿಕ್ 195. ಹಗುರ ಗಾಡಿ ಸ್ವಲ್ಪ ವಾಲಿದರೆ ಬೆರಳ ತುದಿಯಲ್ಲೇ ತಡೆಯಬಹುದು. ಭಾರದ ಗಾಡಿ ಒಮ್ಮೆ ವಾಲಿತು ಅಂದ್ರೆ ಪೂರ್ತಿ ಪಾದ ಊರಿದ್ದರೂ ತಡೆಯುವುದು ಕಷ್ಟ.

ಅದಕ್ಕೇ ಶೋರೂಮಿನಲ್ಲಿ ಕೂತು ನೋಡಿ ಬಂದರೆ ಸಾಲದು. ಇಳಿದು ತಳ್ಳಿ ನೋಡಿ. ಬಿ.ಎಚ್. ರಸ್ತೆಯಲ್ಲಿ ಅಂಗಡಿ ಮುಂದೆ ಗಾಡಿ ಹೇಗೆ ನಿಲ್ಲಿಸುತ್ತೇವೆ ನೆನಪಿಸಿಕೊಳ್ಳಿ. ಮುಂದಿನ ಚಕ್ರ ಚರಂಡಿ ಕಡೆ ಇಳಿಜಾರಿಗೆ, ಎಡಕ್ಕೊಂದು ಸ್ಕೂಟರ್, ಬಲಕ್ಕೊಂದು ಹಣ್ಣಿನ ಗಾಡಿ. ವಾಪಸ್ ಬರುವಾಗ ಆ ಭಾರವನ್ನು ಹಿಂದಕ್ಕೆ, ಏರಿಗೆ ಎಳೆಯಬೇಕು. ಆಗ ಸೀಟಿನ ಎತ್ತರ ಯಾವ ಸಹಾಯಕ್ಕೂ ಬರುವುದಿಲ್ಲ. ಶೋರೂಮಿನವರಿಗೆ ‘ಗಾಡಿ ಹೊರಗೆ ತರಿಸಿ, ನಾನೇ ತಿರುಗಿಸಿ ನೋಡಬೇಕು’ ಅನ್ನಿ. ಸ್ಟ್ಯಾಂಡ್ ತೆಗೆದು ನಾಲ್ಕು ಹೆಜ್ಜೆ ಮುಂದೆ, ನಾಲ್ಕು ಹೆಜ್ಜೆ ಹಿಂದೆ, ಒಂದು ಅರ್ಧ ಸುತ್ತು. ಉಸಿರು ಕಟ್ಟಿದರೆ ಆ ಗಾಡಿ ಸದ್ಯಕ್ಕೆ ನಿಮ್ಮದಲ್ಲ. ಅವರು ಮುಖ ಗಂಟು ಹಾಕಿದರೆ ಹಾಕಲಿ ಬಿಡಿ, ದುಡ್ಡು ಕೊಡುವವರು ನೀವು.

ಇನ್ನೊಂದು ವಿಷಯ ಶೋರೂಮಿನ ಟೈಲ್ಸ್ ಮೇಲೆ ಗೊತ್ತೇ ಆಗುವುದಿಲ್ಲ. ಮಳೆ ನೀರು ಹರಿಯಲಿ ಅಂತ ರಸ್ತೆಯನ್ನು ಅಂಚಿನ ಕಡೆಗೆ ಇಳಿಜಾರು ಮಾಡಿರುತ್ತಾರೆ. ನಾವು ಹೋಗುವುದು ಎಡಗಡೆ, ಹಾಗಾಗಿ ಎಡಗಾಲಿಗೆ ನೆಲ ಇನ್ನೂ ಒಂದಿಷ್ಟು ಕೆಳಗೆ. ಟೌನ್‌ಹಾಲ್ ಸರ್ಕಲ್ ಸಿಗ್ನಲ್‌ನಲ್ಲಿ ತೀರಾ ಅಂಚಿಗೆ ಹೋಗಿ ನಿಂತರೆ ಶೋರೂಮಿನಲ್ಲಿ ತಾಗಿದ ಕಾಲು ಅಲ್ಲಿ ತಾಗದೆ ಹೋಗಬಹುದು. ಸ್ವಲ್ಪ ಒಳಗೆ, ಸಮ ಇರುವ ಕಡೆ ನಿಲ್ಲಿ. ಎರಡೂ ಕಾಲು ಊರಲೇಬೇಕು ಅನ್ನುವುದು ಸ್ಕೂಟರ್‌ನಿಂದ ಬಂದ ಅಭ್ಯಾಸ. ಬೈಕಿನಲ್ಲಿ ಬಲಗಾಲು ಹಿಂದಿನ ಬ್ರೇಕಿನ ಮೇಲೆ, ಎಡಗಾಲು ನೆಲದ ಮೇಲೆ, ಸೊಂಟ ಸೀಟಿನ ಎಡಕ್ಕೆ ಒಂಚೂರು ಜಾರಿಸಿ. ಒಂದು ಪಾದ ಗಟ್ಟಿಯಾಗಿ ಊರಿದರೆ ಸಾಕು. ದೇವರಾಯನದುರ್ಗ ಬೆಟ್ಟದ ಏರು ತಿರುವಿನಲ್ಲಿ ಮುಂದಿನ ಕಾರು ದಿಢೀರ್ ನಿಂತಾಗಲೂ ಗಾಡಿ ಹಿಂದಕ್ಕೆ ಜಾರದಂತೆ ಹಿಡಿಯುವುದು ಈ ಬಲಗಾಲೇ.

ಇನ್ನು ಗಾಡಿಗಳು. ರಾಯಲ್ ಎನ್‌ಫೀಲ್ಡ್‌ನದೇ ಹಂಟರ್ 350 ಮೊದಲು ನೋಡಿ. ತೂಕ 181 ಕೆ.ಜಿ., ಸೀಟು ಮಾಡೆಲ್ ವರ್ಷದ ಮೇಲೆ 790ರಿಂದ 800 ಮಿ.ಮೀ., 17 ಇಂಚಿನ ಚಕ್ರ, ತಿರುಗಿಸಲು ಸುಲಭ. 2025ರ ಮಾಡೆಲ್‌ನಿಂದ ಕ್ಲಚ್ ಕೂಡ ಹಗುರ. ಸ್ಕೂಟರ್‌ನಿಂದ ಬಂದ ಎಡಗೈಗೆ ಅದು ದೊಡ್ಡ ಉಪಕಾರ. ಮೀಟಿಯರ್ 350 ಸೀಟು 765, ಪಾದ ಆರಾಮಾಗಿ ಊರುತ್ತೆ, ಆದರೆ ತೂಕ 191. ಕಾಲು ಮುಂದೆ ಚಾಚಿ ಕೂರುವ ಗಾಡಿ, ಹಂಪ್ ಬಂದಾಗ ಪೆಗ್ (ಕಾಲಿಡುವ ಕಡ್ಡಿ) ಮೇಲೆ ಎದ್ದು ನಿಲ್ಲೋಕಾಗಲ್ಲ, ಏಟೆಲ್ಲ ಸೊಂಟಕ್ಕೇ. ಹೋಂಡಾ ಹೈನೆಸ್ 800 ಮಿ.ಮೀ., 181 ಕೆ.ಜಿ., ತುಂಬ ನಯವಾದ ಎಂಜಿನ್. 350 ಅನ್ನುವ ಸಂಖ್ಯೆಯ ಮೇಲೆ ಹಟ ಇಲ್ಲದಿದ್ದರೆ ಬಜಾಜ್ ಅವೆಂಜರ್ 220 ಕ್ರೂಸ್ ಇದೆ, ಸೀಟು 737, ತೂಕ 163. ಯಾರೂ ತಿರುಗಿ ನೋಡದ ಗಾಡಿ, ಆದರೆ ಗಿಡ್ಡ ಇರುವವರಿಗೆ ಇದಕ್ಕಿಂತ ಸಲೀಸಾದದ್ದು ಕಡಿಮೆ. ನನ್ನ ಓಟು ಹಂಟರ್‌ಗೆ. ತೆಗೆದುಕೊಳ್ಳುವ ಮುಂಚೆ ಯಾರದ್ದಾದರೂ ಹಳೇ 100 ಸಿಸಿ ಗಾಡಿ ಇಸ್ಕೊಂಡು, ಖಾಲಿ ಮೈದಾನದಲ್ಲಿ ಕ್ಲಚ್ ಬಿಡುವುದನ್ನು ಕೈಗೆ ಹತ್ತಿಸಿಕೊಳ್ಳಿ.

ಹಾಂ, ಲೈಸೆನ್ಸ್ ತೆಗೆದು ನೋಡಿ. ಗೇರ್ ಇಲ್ಲದ ಗಾಡಿಗೆ ಮಾತ್ರ ಕೊಟ್ಟಿದ್ದರೆ ಅದರಲ್ಲಿ ಬೈಕ್ ಓಡಿಸುವಂತಿಲ್ಲ. ಗೇರ್ ಗಾಡಿಗೆ ಬೇರೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಿ, 30 ದಿನ ಬಿಟ್ಟು ಟೆಸ್ಟ್ ಕೊಡಬೇಕು. ಇದನ್ನು ಮುಗಿಸಿಯೇ ಬುಕಿಂಗ್ ಮಾಡಿ. ಏನಾದರೂ ಆದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೇ ಲೈಸೆನ್ಸ್.

ಪ್ರಶ್ನೆ: ಗುಬ್ಬಿಯಿಂದ ಬರೆಯುತ್ತಿದ್ದೇನೆ. ಮಗನಿಗೆ 19. ಲೈಸೆನ್ಸ್ ಈಗ ತಾನೇ ಬಂದಿದೆ, 390 ಅಥವಾ 400 ಸಿಸಿಯೇ ಬೇಕು ಅಂತ ಊಟ ಬಿಟ್ಟು ಕೂತಿದ್ದಾನೆ. ಕೊಡಿಸಬಹುದಾ ಸರ್?

ಉತ್ತರ: ಹಸಿವಾದರೆ ಉಣ್ಣುತ್ತಾನೆ, ಅದು ಬಿಡಿ. ಸ್ಪ್ಲೆಂಡರ್‌ನ ಶಕ್ತಿ ಸುಮಾರು 8 ಪಿಎಸ್ (ಅಶ್ವಶಕ್ತಿ). ಟ್ರಯಂಫ್ ಸ್ಪೀಡ್ 400ದು 40, ಕೆಟಿಎಂ 390 ಡ್ಯೂಕ್‌ದು ಇನ್ನೂ ಜಾಸ್ತಿ. ಯೂರೋಪಿನಲ್ಲಿ ಹೊಸಬರಿಗೆ ಮೊದಲು ಸಣ್ಣ ಗಾಡಿ, ಆಮೇಲೆ ಮಧ್ಯಮ, ಆಮೇಲೆ ದೊಡ್ಡದು ಅಂತ ಲೈಸೆನ್ಸೇ ಹಂತ ಹಂತ. ನಮ್ಮಲ್ಲಿ 100 ಸಿಸಿಗೂ 1000 ಸಿಸಿಗೂ ಒಂದೇ ಲೈಸೆನ್ಸ್, ಆ ಹಂತವನ್ನು ಮನೆಯವರೇ ಹಾಕಬೇಕು. ತೆರಿಗೆಯೂ ನಿಮ್ಮ ಕಡೆಗಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗೆ ಜಿಎಸ್‌ಟಿ 18%, ಅದರ ಮೇಲೆ ಹೋದರೆ 40%. ಒಂದೆರಡು ವರ್ಷ 20 ಪಿಎಸ್ ಆಸುಪಾಸಿನ 350 ಓಡಿಸಲಿ. ಹೈವೇಗೆ ಧಾರಾಳ ಸಾಕು. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಎರಡೂ ಚಕ್ರಕ್ಕೆ ಇರುವುದನ್ನೇ ಕೊಡಿಸಿ. ಹೆಲ್ಮೆಟ್ ಐಎಸ್‌ಐ ಗುರುತಿನದು, ತಲೆಗೆ ಬಿಗಿಯಾಗಿ ಕೂರುವಂಥದ್ದು, ಗಾಡಿ ಜೊತೆ ಪುಕ್ಕಟೆ ಕೊಟ್ಟದ್ದಲ್ಲ.

ಪ್ರಶ್ನೆ: ನಾನು ಮಧುಗಿರಿಯವನು, 5 ಅಡಿ 3. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಬೇಕೇ ಬೇಕು. ಮೆಕ್ಯಾನಿಕ್ ‘ಲೋವರಿಂಗ್ ಲಿಂಕ್ ಹಾಕಿ ಎರಡು ಇಂಚು ಇಳಿಸ್ತೀನಿ, ಸೀಟೂ ಕೊಯ್ದು ಕೊಡ್ತೀನಿ’ ಅಂತಿದ್ದಾನೆ. ಮಾಡಿಸಲಾ?

ಉತ್ತರ: ದುಡ್ಡು ಖರ್ಚಿಲ್ಲದ ದಾರಿಯಿಂದ ಶುರು ಮಾಡೋಣ. ಈ ಗಾಡಿಯ ಸೀಟನ್ನು 825, 845 ಅಂತ ಎರಡು ಎತ್ತರಕ್ಕೆ ಕೂರಿಸಬಹುದು. ಎಷ್ಟೋ ಜನ ಮೇಲಿನ ಹಂತದಲ್ಲೇ ಬಿಟ್ಟು ಒದ್ದಾಡುತ್ತಿರುತ್ತಾರೆ, ಅದನ್ನು ನೋಡಿ. ಆಮೇಲೆ ಹಿಂದಿನ ಸಸ್ಪೆನ್ಷನ್‌ನ ಪ್ರೀಲೋಡ್, ಅಂದರೆ ಸ್ಪ್ರಿಂಗ್ ಎಷ್ಟು ಬಿಗಿ ಇದೆ ಅನ್ನುವುದು. ನೀವು ತೆಳ್ಳಗಿದ್ದರೆ ಅದನ್ನು ಸಡಿಲ ಮಾಡಿದಾಗ ನೀವು ಕೂತಾಗ ಗಾಡಿ ಇನ್ನಷ್ಟು ಕೆಳಗೆ ಕೂರುತ್ತೆ. ಇಷ್ಟಕ್ಕೂ ಸಾಲದಿದ್ದರೆ ಕಂಪನಿಯದೇ ತಗ್ಗು ಸೀಟು ಇದೆ, 805ಕ್ಕೆ ಇಳಿಯುತ್ತೆ. ದಪ್ಪ ಅಟ್ಟೆಯ ಬೂಟು ಹಾಕಿದರೆ ಇನ್ನೊಂದು ಸೆಂ.ಮೀ. ಸಿಕ್ಕಿತು.

ಫೋಮ್ ಕೊಯ್ಯಿಸುವುದು ತಪ್ಪಲ್ಲ, ಆದರೆ ಕುಶನ್ ಕೆಲಸ ಗೊತ್ತಿರುವವರ ಕೈಲಿ, ಎತ್ತರಕ್ಕಿಂತ ಮುಂಭಾಗದ ಅಗಲ ಕಡಿಮೆ ಮಾಡಿಸಿ. ಕಾಲು ನೇರ ಇಳಿಯುತ್ತೆ, ಕೂರುವ ಜಾಗದ ಮೆತ್ತೆಯೂ ಉಳಿಯುತ್ತೆ. ಹಿಂದಿನ ಸಸ್ಪೆನ್ಷನ್ನನ್ನೇ ತಗ್ಗಿಸುವ ಆ ಲಿಂಕ್ ಮಾತ್ರ ಬೇಡ ಅಂತೀನಿ. ಹಿಂದೆ ಮಾತ್ರ ಇಳಿಸಿದರೆ ಮುಂಭಾಗ ಎದ್ದು ನಿಂತು ಹ್ಯಾಂಡಲ್ ಸ್ವಭಾವವೇ ಬದಲಾಗುತ್ತೆ. ಸೈಡ್ ಸ್ಟ್ಯಾಂಡ್ ಹಳೇ ಉದ್ದದ್ದೇ ಇರುತ್ತೆ, ಹಾಗಾಗಿ ಗಾಡಿ ವಾಲದೆ ನೆಟ್ಟಗೆ ನಿಲ್ಲುತ್ತೆ. ಯಾರೋ ಪಕ್ಕದಲ್ಲಿ ಹೋಗುತ್ತಾ ಮೈ ತಾಗಿಸಿದರೆ ಬಲಕ್ಕೆ ಬಿತ್ತು! ಸ್ಟ್ಯಾಂಡನ್ನೂ ಕತ್ತರಿಸಿ ಬೆಸುಗೆ ಹಾಕಿಸಬೇಕು. ವಾರಂಟಿ ತಕರಾರು ಬೇರೆ. 230 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ (ಗಾಡಿಯ ಅಡಿಗೂ ನೆಲಕ್ಕೂ ನಡುವಿನ ಅಂತರ) ಬೇಕು ಅಂತ ತಾನೇ ಈ ಗಾಡಿ ಆಸೆಪಟ್ಟದ್ದು? ಅದನ್ನೇ ಕಳಕೊಳ್ಳುವುದಾದರೆ ಅದೇ ಎಂಜಿನ್ನಿನ ಗೆರಿಲ್ಲಾ 450 ನೋಡಿ. ಸೀಟು 780, ತೂಕವೂ ಸುಮಾರು 10 ಕೆ.ಜಿ. ಕಡಿಮೆ.

ಪ್ರಶ್ನೆ: ಗಾಡಿ ಬಿದ್ದರೆ ಒಬ್ಬಳೇ ಎತ್ತಲು ಆಗುತ್ತಾ? ನಾನು 48 ಕೆ.ಜಿ. (ಸಿದ್ಧಗಂಗಾ ಬಡಾವಣೆ)

ಉತ್ತರ: ಆಗುತ್ತೆ, ತೋಳಿನ ಬಲದಲ್ಲಿ ಅಲ್ಲ, ಕಾಲಿನ ಬಲದಲ್ಲಿ. ಮೊದಲು ಎಂಜಿನ್ ಆಫ್ ಮಾಡಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮುಂಚೆಯೇ ಸೈಡ್ ಸ್ಟ್ಯಾಂಡ್ ಬಿಚ್ಚಿಡಿ, ಇಲ್ಲಾಂದ್ರೆ ಎತ್ತಿದ ಗಾಡಿ ಎಡಕ್ಕೂ ಬೀಳುತ್ತೆ. ಸಾಧ್ಯವಾದರೆ ಗೇರ್‌ನಲ್ಲಿಡಿ, ಉರುಳುವುದಿಲ್ಲ. ಗಾಡಿಗೆ ಬೆನ್ನು ತಿರುಗಿಸಿ, ಸೀಟಿನ ಅಂಚಿಗೆ ಸೊಂಟದ ಕೆಳಭಾಗ ತಾಗಿಸಿ ಕುಕ್ಕರಗಾಲಲ್ಲಿ ಕೂರಿ. ಒಂದು ಕೈ ಕೆಳಗಿರುವ ಹ್ಯಾಂಡಲ್ ಗ್ರಿಪ್ಪಿಗೆ, ಇನ್ನೊಂದು ಹಿಂದಿನ ಹಿಡಿಗೆ. ಬೆನ್ನು ನೆಟ್ಟಗಿಟ್ಟು ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಹಿಂದಕ್ಕೆ ಒತ್ತುತ್ತಾ ಏಳಿ. ಮುಂದೆ ಬಗ್ಗಿ ಹ್ಯಾಂಡಲ್ ಹಿಡಿದು ಎಳೆದರೆ ಸೊಂಟ ಹಿಡಿಯುತ್ತೆ. ಜನ ಇದ್ದರೆ ನಾಚಿಕೆ ಬಿಟ್ಟು ಕರೆಯಿರಿ, ನಮ್ಮ ಕಡೆ ಬಿದ್ದ ಗಾಡಿ ಎತ್ತಲು ನಾಲ್ಕು ಜನ ಓಡಿ ಬಂದೇ ಬರುತ್ತಾರೆ.

ಪ್ರಶ್ನೆ: ಮೊದಲ ದೊಡ್ಡ ಗಾಡಿ ಸೆಕೆಂಡ್ ಹ್ಯಾಂಡ್ ಆದರೆ ಪರವಾಗಿಲ್ವಾ? (ತಿಪಟೂರು)

ಉತ್ತರ: ಒಳ್ಳೇದೇ. ಹೇಗೂ ಒಂದೆರಡು ಸಲ ಬೀಳಿಸುತ್ತೀರಿ, ಹೊಸದಾದರೆ ಹೊಟ್ಟೆ ಉರಿಯುತ್ತೆ. ಲಿವರ್ ತುದಿ, ಪೆಗ್ ತುದಿ, ಸೈಲೆನ್ಸರ್ ಪಕ್ಕ ಉಜ್ಜಿದ ಗುರುತು ಇದ್ದರೆ ಬಿದ್ದ ಗಾಡಿ. ಅದಕ್ಕೆ ಹೆದರಬೇಡಿ, ಗಾಡಿ ಸೊಟ್ಟಗಾಗಿಲ್ಲ ಅನ್ನುವುದು ಮುಖ್ಯ. ಹಾಗಂತ ಹ್ಯಾಂಡಲ್ ಬಿಟ್ಟು ನೇರ ಓಡುತ್ತಾ ಅಂತ ಪರೀಕ್ಷೆ ಮಾಡಬೇಡಿ ಮತ್ತೆ! ಹಿಂದೆ ನಿಂತು ಎರಡೂ ಚಕ್ರ ಒಂದೇ ಗೆರೆಯಲ್ಲಿವೆಯಾ ನೋಡಿ, ಸಾಕು. ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಇನ್ನೂ ಇದ್ದು, ‘ಆಮೇಲೆ ತೆಗೆಸಿಕೊಡ್ತೀನಿ’ ಅಂದರೆ ಅಡ್ವಾನ್ಸ್ ಕೂಡ ಕೊಡಬೇಡಿ. ಸಾಲ ತೀರಿದೆ ಅನ್ನುವ ಬ್ಯಾಂಕಿನ ಎನ್‌ಒಸಿ, ಆರ್‌ಸಿಯಿಂದ ಆ ಹೆಸರು ತೆಗೆಸಲು ಬೇಕಾದ ಫಾರಂ 35 ಕೈಗೆ ಬಂದ ಮೇಲೆ ಮಾತು.