ಮೂಕಿಯ ಅನಾರ್ಕಲಿ ಟಾಕಿಯಲ್ಲಿ

ಪ್ರಶ್ನೆ: ಮೂಕಿ ಚಿತ್ರಗಳ ದೊಡ್ಡ ತಾರೆ ಸುಲೋಚನಾ, ಹಿಂದಿ ಬಾರದ್ದರಿಂದ ಟಾಕಿ ಬಂದ ಕೂಡಲೇ ಮನೆ ಸೇರಿದರು ಎಂದು ಓದಿದೆ. ನಿಜವೇ? ಹಿಂದಿ ಸಿನಿಮಾಗಳಲ್ಲಿ ಅಮ್ಮನ ಪಾತ್ರ ಮಾಡುತ್ತಿದ್ದ ಸುಲೋಚನಾ ಇವರೇನಾ?
– ಓದುಗರೊಬ್ಬರು, ಧಾರವಾಡ

ಉತ್ತರ: ಇಬ್ಬರೂ ಬೇರೆ. ಅಮ್ಮನ ಪಾತ್ರಗಳಿಗೆ ಹೆಸರಾದವರು ಸುಲೋಚನಾ ಲಾಟ್ಕರ್, ನಿಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಖಡಕಲಾಟದವರು. ಮೂಕಿ ತಾರೆಯ ನಿಜವಾದ ಹೆಸರು ರೂಬಿ ಮೈಯರ್ಸ್. 1907ರಲ್ಲಿ ಪುಣೆಯಲ್ಲಿ, ಬಾಗ್ದಾದಿ ಯಹೂದಿ ಮನೆತನದಲ್ಲಿ ಹುಟ್ಟಿದರು.

ಮೊದಲು ಟೆಲಿಫೋನ್ ಆಪರೇಟರ್ ಆಗಿದ್ದರು. ಕೊಹಿನೂರ್ ಸಿನಿಮಾ ಕಂಪನಿಯ ನಿರ್ದೇಶಕ ಮೋಹನ್ ಭವನಾನಿ ನಟಿಸಲು ಕರೆದಾಗ ಆಗಲ್ಲ ಅಂದರು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಸಿನಿಮಾ ಕಡೆ ತಲೆಹಾಕದ ಕಾಲ ಅದು. ಭವನಾನಿ ಬಿಡಲಿಲ್ಲ, ಕೊನೆಗೆ ಇವರು ಒಪ್ಪಿದರು. 1926ರಲ್ಲಿ ‘ಟೈಪಿಸ್ಟ್ ಗರ್ಲ್’ ಬಂತು. ಮರುವರ್ಷ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಿ ಒಬ್ಬರೇ ಎಂಟು ವೇಷ ಹಾಕಿದರು. ಅದರಲ್ಲಿ ಪೊಲೀಸ್, ತೋಟದ ಮಾಲಿ, ಬಾಳೆಹಣ್ಣಿನ ವ್ಯಾಪಾರಿ ಎಲ್ಲ ಇವರೇ! 1928ರಲ್ಲಿ ಇಂಪೀರಿಯಲ್ ಕಂಪನಿಯ ‘ಅನಾರ್ಕಲಿ’. ಇವರ ಸಂಬಳ ಬೊಂಬಾಯಿ ಗವರ್ನರ್ ಸಂಬಳಕ್ಕಿಂತ ಜಾಸ್ತಿ ಅಂತ ಮಾತಿತ್ತು.

1931ರಲ್ಲಿ ಟಾಕಿ ಬಂದಾಗ ಕಷ್ಟವಾದದ್ದು ನಿಜ. ಹಿಂದೂಸ್ತಾನಿ ಅವರ ನಾಲಿಗೆಗೆ ಒಗ್ಗಿರಲಿಲ್ಲ. ಆದರೆ ಮನೆ ಸೇರಿದರು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸುಮಾರು ಒಂದು ವರ್ಷ ಕೆಲಸ ಬಿಟ್ಟು ಭಾಷೆ ಕಲಿತರು. ಆಮೇಲೆ ತಮ್ಮ ಮೂಕಿ ಚಿತ್ರಗಳ ಕಥೆಗಳಲ್ಲೇ ಮತ್ತೆ ನಟಿಸಿದರು, ಈ ಸಲ ಮಾತಾಡುತ್ತಾ. 1932ರಲ್ಲಿ ‘ಮಾಧುರಿ’, 1935ರಲ್ಲಿ ‘ಅನಾರ್ಕಲಿ’. ನಡುವೆ, ಮೂಕಿಯಲ್ಲಿ ‘ಇಂದಿರಾ ಬಿ.ಎ.’ ಆಗಿದ್ದವರು ಟಾಕಿಯಲ್ಲಿ ‘ಇಂದಿರಾ ಎಂ.ಎ.’ ಆದರು! ಅಷ್ಟು ಹೆಸರು ಮಾಡಿದ ಮೇಲೆ ಮತ್ತೆ ಕಲಿಯಲು ಕೂರುವುದು ಸುಮ್ನೆ ಅಲ್ಲ. ನನಗೆ ಇದು ಆ ಎಂಟು ವೇಷಕ್ಕಿಂತ ದೊಡ್ಡದು. ಇವರ ಬಗ್ಗೆ ಬರೆಯುವವರು ಈ ವರ್ಷವನ್ನೇ ಬಿಟ್ಟುಬಿಟ್ಟರೆ ನನಗೆ ತುಂಬ ಬೇಸರ.

ಅವಕಾಶ ಕಡಿಮೆಯಾದದ್ದು ಆಮೇಲೆ, ಹೊಸ ನಾಯಕಿಯರು ಬಂದಾಗ. ಚಿಕ್ಕ ಪಾತ್ರ ಸಿಕ್ಕರೂ ಮಾಡಿದರು. 1973ರ ಫಾಲ್ಕೆ ಪ್ರಶಸ್ತಿ ಬಂತು. 1983ರಲ್ಲಿ ಬೊಂಬಾಯಿಯಲ್ಲಿ ತೀರಿಕೊಂಡರು.

ನಮ್ಮ ಮೂಕಿ ಚಿತ್ರಗಳ ಬಹುಪಾಲು ರೀಲುಗಳು ಹಾಳಾಗಿ ಹೋಗಿವೆ. ಇವರನ್ನು ತೆರೆಯ ಮೇಲೆ ನೋಡುವ ಆಸೆ ಇದ್ದರೆ 1953ರ ‘ಅನಾರ್ಕಲಿ’ ಹುಡುಕಿ. ಅದರಲ್ಲಿ ಅನಾರ್ಕಲಿ ಬೀನಾ ರಾಯ್, ಸಲೀಂನ ತಾಯಿ ನಮ್ಮ ಸುಲೋಚನಾ.