ಕಾರ್ಡ್ ಪರ್ಸಿನಲ್ಲೇ ಇತ್ತು, ಹಣ ಹೋದದ್ದು ಹೇಗೆ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಕಳೆದ ವಾರ ನಡುರಾತ್ರಿ ನನ್ನ ಉಳಿತಾಯ ಖಾತೆಯಿಂದ ಎರಡು ಬಾರಿ ತಲಾ 10,000 ರೂಪಾಯಿಯನ್ನು ಎಟಿಎಂನಲ್ಲಿ ತೆಗೆಯಲಾಗಿದೆ. ಕಾರ್ಡ್ ನನ್ನ ಪರ್ಸಿನಲ್ಲೇ ಇತ್ತು, ಪಿನ್ ಯಾರಿಗೂ ಹೇಳಿಲ್ಲ. ಮರುದಿನ ಬೆಳಿಗ್ಗೆಯೇ ದೂರು ಕೊಟ್ಟರೂ ‘ಸರಿಯಾದ ಪಿನ್ ಒತ್ತಿದ್ದಾರೆ, ಹೊಣೆ ನಿಮ್ಮದೇ’ ಎಂದು ಬ್ಯಾಂಕಿನವರು ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದರು. ಮುಂದೇನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಆ ಮಾತನ್ನು ಒಪ್ಪಿಕೊಂಡು ಸುಮ್ಮನಾಗಬೇಡಿ. ಸರಿಯಾದ ಪಿನ್ ಬಳಕೆಯಾಗಿದೆ ಎಂದ ಮಾತ್ರಕ್ಕೆ ಅದನ್ನು ನೀವೇ ಕೊಟ್ಟಿರಿ ಎಂದಾಗುವುದಿಲ್ಲ. ಕಾರ್ಡ್ ತೂರಿಸುವ ಜಾಗಕ್ಕೆ ಅದೇ ಬಣ್ಣ, ಅದೇ ಆಕಾರದ ಹೊದಿಕೆಯೊಂದನ್ನು ಅಂಟಿಸಿ ಕಾರ್ಡಿನ ಹಿಂಬದಿಯ ಕಪ್ಪು ಪಟ್ಟಿಯ ಮಾಹಿತಿಯನ್ನು ಕದಿಯುವುದು, ಕೀಲಿಗಳ ಮೇಲ್ಭಾಗದಲ್ಲಿ ಸಾಸಿವೆ ಕಾಳಿನಷ್ಟು ರಂಧ್ರದ ಹಿಂದೆ ಕ್ಯಾಮೆರಾ ಇಟ್ಟು ಪಿನ್ ನೋಡಿಕೊಳ್ಳುವುದು, ಇವೆರಡೂ ಸೇರಿದರೆ ನಕಲಿ ಕಾರ್ಡ್ ಸಿದ್ಧವಾಗುತ್ತದೆ. 2018ರ ಡಿಸೆಂಬರ್ 31ರೊಳಗೆ ಹಳೆಯ ಕಾರ್ಡುಗಳನ್ನು ಬದಲಿಸಿ ಚಿಪ್ ಇರುವ ಕಾರ್ಡು ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಗಡುವು ವಿಧಿಸಿದ್ದಕ್ಕೆ ಈ ವಂಚನೆಯೂ ಕಾರಣ. ಚಿಪ್ ಪ್ರತಿ ವಹಿವಾಟಿಗೂ ಹೊಸ ಸಂಕೇತ ಹುಟ್ಟಿಸುವುದರಿಂದ ಅದರ ನಕಲು ಬಹಳ ಕಷ್ಟ. ಆದರೆ ಚಿಪ್ ಕಾರ್ಡಿನ ಬೆನ್ನಿಗೂ ಆ ಪಟ್ಟಿ ಇನ್ನೂ ಇದೆ. ಪಟ್ಟಿಯನ್ನಷ್ಟೇ ಓದುವ ಯಂತ್ರಗಳು, ಮುಖ್ಯವಾಗಿ ಹೊರದೇಶಗಳಲ್ಲಿ, ಉಳಿದುಕೊಂಡಿವೆ.

ಆದ್ದರಿಂದ ನೀವು ಬ್ಯಾಂಕಿಗೆ ಲಿಖಿತವಾಗಿ ಕೇಳಬೇಕಾದ ಮೊದಲ ಪ್ರಶ್ನೆ: ಆ ಎರಡು ವಹಿವಾಟುಗಳು ಯಾವ ಎಟಿಎಂನಲ್ಲಿ ನಡೆದವು, ಯಂತ್ರ ಓದಿದ್ದು ಚಿಪ್ಪನ್ನೋ ಪಟ್ಟಿಯನ್ನೋ? ಪಟ್ಟಿ ಎಂದಾದರೆ ನಿಮ್ಮ ವಾದಕ್ಕೆ ಅದೇ ದೊಡ್ಡ ಬಲ. ಸಿಸಿಟಿವಿ ದೃಶ್ಯವನ್ನು ಕಾದಿರಿಸುವಂತೆಯೂ ಅದೇ ಪತ್ರದಲ್ಲಿ ಕೋರಿ, ಸ್ವೀಕೃತಿ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯನ್ನು ಪತ್ರದಲ್ಲಿ ಉಲ್ಲೇಖಿಸಿ. ಗ್ರಾಹಕರ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದ ವಂಚನೆಯಾಗಿ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟಿದ್ದರೆ ಗ್ರಾಹಕರ ಹೊಣೆ ಶೂನ್ಯ ಎಂದೂ, ಹೊಣೆಯನ್ನು ಸಾಬೀತುಪಡಿಸಬೇಕಾದ್ದು ಬ್ಯಾಂಕೇ ಎಂದೂ, ದೂರು ಬಂದ ಹತ್ತು ಕೆಲಸದ ದಿನಗಳಲ್ಲಿ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕೆಂದೂ ಅದು ಸ್ಪಷ್ಟವಾಗಿ ಹೇಳುತ್ತದೆ. ಮರುದಿನವೇ ಬ್ಯಾಂಕಿಗೆ ಹೋದ ನಿಮ್ಮ ಎಚ್ಚರ ಇಲ್ಲಿ ನಿಮ್ಮ ಕೈಹಿಡಿಯಬೇಕು. 1930ಕ್ಕೆ ಕರೆ ಮಾಡಿ ಸೈಬರ್ ಅಪರಾಧದ ದೂರನ್ನೂ ದಾಖಲಿಸಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಬ್ಯಾಂಕುಗಳ ಮೇಲಿನ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು.

ಇನ್ನು ಮುಂದಿನ ಎಚ್ಚರಿಕೆ. ಕಾರ್ಡ್ ತೂರಿಸುವ ಭಾಗವನ್ನು ಅಲುಗಾಡಿಸಿ ನೋಡಿ ಎಂಬ ಸಲಹೆ ಒಳ್ಳೆಯದೇ, ಆದರೆ ಯಂತ್ರದ ಒಳಗೆ ಕೂರುವ ತೆಳು ಸಾಧನಗಳು ಹಾಗೆ ಸಿಕ್ಕುವುದಿಲ್ಲ. ಪಿನ್ ಒತ್ತುವ ಕೈಯ ಮೇಲೆ ಇನ್ನೊಂದು ಕೈಯನ್ನು ಚಾವಣಿಯಂತೆ ಹಿಡಿಯುವುದೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಪಿನ್ ಸಿಗದಿದ್ದರೆ ನಕಲಿ ಕಾರ್ಡಿನಿಂದ ಎಟಿಎಂನಲ್ಲಿ ಹಣ ಬಾರದು. ಕೀಲಿಗಳು ಎಂದಿಗಿಂತ ಉಬ್ಬಿದಂತೆ, ಮೆತ್ತಗೆ ಇದ್ದಂತೆ ತೋರಿದರೆ ಪಿನ್ ಒತ್ತದೆ ಹೊರಬನ್ನಿ. ಹೊರದೇಶದ ವಹಿವಾಟನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಆಫ್ ಮಾಡಿಡಿ.

ಪ್ರಶ್ನೆ: ಪಿನ್ ಇಲ್ಲದೆ ತಾಗಿಸಿ ಪಾವತಿಸುವ ಕಾರ್ಡು ಇದಕ್ಕಿಂತ ಅಪಾಯವೇ?
– ಓದುಗರು, ಶಿರಸಿ

ಉತ್ತರ: ನಕಲು ಮಾಡುವ ದೃಷ್ಟಿಯಿಂದ ಪಟ್ಟಿ ಉಜ್ಜುವುದಕ್ಕಿಂತ ತಾಗಿಸುವುದೇ ಕ್ಷೇಮ, ಅಲ್ಲಿ ಕೆಲಸ ಮಾಡುವುದು ಚಿಪ್. ಆದರೆ ಕಾರ್ಡ್ ಕಳೆದುಹೋದರೆ ಸಿಕ್ಕವರು ಒಂದು ಬಾರಿಗೆ 5,000 ರೂಪಾಯಿವರೆಗೆ ಪಿನ್ ಇಲ್ಲದೆ ಬಳಸಬಹುದು. ಆ ಸೌಲಭ್ಯ ನಿಮಗೆ ಬೇಡವಾದರೆ ಆ್ಯಪ್‌ನಲ್ಲಿ ನಿಲ್ಲಿಸಿ, ಬೇಕಾದರೆ ಮಿತಿಯನ್ನು ತಗ್ಗಿಸಿಕೊಳ್ಳಿ.